ಬಾಡಿಗೆ ಥಾರ್‌ಗೆ ನನ್ನ 300 ರೂಪಾಯಿ ಇಲ್ಲ

ಬೀಳ್ಕೊಡುಗೆ ಸಮಾರಂಭಕ್ಕೆ ಇನ್ನೂ ಒಂದು ತಿಂಗಳು ಇದೆ. ಚಂದಾ ಪಟ್ಟಿ ಮಾತ್ರ ಈಗಲೇ ನಮ್ಮ ಬೆಂಚಿಗೆ ಬಂದಿದೆ. ಊಟಕ್ಕೆ 200, ಕಾಲೇಜಿಗೆ ಕಾಣಿಕೆ 100, ಅದರ ಕೆಳಗೆ ಬೇರೆ ಪೆನ್ನಿನಲ್ಲಿ 'ಗಾಡಿ 300'. ಯಾವ ಗಾಡಿ ಎಂದು ಕೇಳಿದೆ. ಕಲಬುರಗಿಯಿಂದ ಒಂದು ಥಾರ್, ಒಂದು ಓಪನ್ ಜೀಪು ಬಾಡಿಗೆಗೆ ತರುತ್ತಾರಂತೆ. ಶಹಾಪುರ ಬಸ್ ಸ್ಟ್ಯಾಂಡಿನಿಂದ ಕಾಲೇಜು ಗೇಟಿನವರೆಗೆ 'ಫಿಲ್ಮಿ ಎಂಟ್ರಿ' ಕೊಡುತ್ತಾರಂತೆ. ಆಮೇಲೆ ಮಲಗಿದ ಬುದ್ಧನ ಬೆಟ್ಟ ಕಾಣುವ ಕಡೆ ಗಾಡಿ ನಿಲ್ಲಿಸಿ ರೀಲ್ಸ್ ಮಾಡುತ್ತಾರಂತೆ. ಹುಡುಗಿಯರೂ 300 ಕೊಡಬೇಕು.

"ಅದರಾಗ ನಮ್ಮ ಕೆಲಸ ಏನು?" ಎಂದೆ.

"ನೀವು ಗಾಡಿ ಮುಂದ ನಿಂತು ಫೋಟೋ ತೆಗಿಸ್ಕೋರಿ" ಎಂದರು.

ನಮ್ಮ ವಾಣಿಜ್ಯ ವಿಭಾಗದ ಎರಡೂ ಸೆಕ್ಷನ್ ಸೇರಿ 84 ಜನ. 84ಕ್ಕೆ 300ರಂತೆ 25,200 ರೂಪಾಯಿ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಗಾಡಿಗಳ ಮೇಲೆ ಸಿಟ್ಟಿಲ್ಲ. ಸಿನಿಮಾದ ಹಳೆಯ ಗಾಡಿಗಳೆಂದರೆ ನನಗೆ ಹುಚ್ಚು ಎಂದು ನನ್ನ ಗೆಳತಿಯರಿಗೆಲ್ಲ ಗೊತ್ತು. 'ಶೋಲೆ'ಯ ಜೈ ಮತ್ತು ವೀರೂ ಇಬ್ಬರೂ ಒಂದೇ ಮೋಟಾರ್ ಸೈಕಲ್ ಮೇಲೆ, ಒಬ್ಬ ಪಕ್ಕದ ತೊಟ್ಟಿಲಿನಲ್ಲಿ ಕೂತು ಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದು ಬಿಎಸ್ಎ ಗಾಡಿ. 1975ರಲ್ಲಿ ಬಂದ ಆ ಸಿನಿಮಾದ ರಾಮಗಢ ನಮ್ಮ ರಾಜ್ಯದ ರಾಮನಗರವೇ. ನಮ್ಮ ಹುಡುಗರು 'ಫಿಲ್ಮಿ' ಎಂದು ಯಾವುದನ್ನು ಕರೆಯುತ್ತಿದ್ದಾರೋ ಅದು ಸಿನಿಮಾದಲ್ಲಿ ಇಲ್ಲ ಎಂಬುದು ನನ್ನ ವಾದ.

ಪ್ರಥಮ ಪಿಯುಸಿಯ ಸವಕಳಿ ಪಾಠ ನೆನಪಿಸಿಕೊಳ್ಳಿ. 1,50,000 ರೂಪಾಯಿಗೆ ಒಂದು ಆಟೋ ಕೊಂಡೆವು, ಹತ್ತು ವರ್ಷ ಬಾಳಿಕೆ, ಕೊನೆಗೆ ಗುಜರಿಗೆ 15,000 ಬರುತ್ತದೆ ಎಂದುಕೊಂಡರೆ ವರ್ಷಕ್ಕೆ 13,500 ಸವಕಳಿ. ಹತ್ತನೇ ವರ್ಷದ ಕೊನೆಗೆ ಪುಸ್ತಕದಲ್ಲಿ ಆ ಆಟೋ ಗುಜರಿ ಬೆಲೆಗೆ ಬಂದು ನಿಲ್ಲುತ್ತದೆ. ಹೊಸ ಗಾಡಿಗೆ ಹೆಚ್ಚು ಬೆಲೆ, ಹಳೆಯದಕ್ಕೆ ಕಡಿಮೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಬರುತ್ತದೆ.

ಸಿನಿಮಾ ಮತ್ತು ಟಿವಿಯ ಗಾಡಿಗಳು ಈ ಪಾಠವನ್ನು ತಲೆಕೆಳಗು ಮಾಡಿಬಿಟ್ಟಿವೆ. ಅಮೆರಿಕದ ಟಿವಿಯಲ್ಲಿ 1966ರಲ್ಲಿ ಶುರುವಾದ 'ಬ್ಯಾಟ್‌ಮನ್' ಧಾರಾವಾಹಿಯ ಕಾರನ್ನೇ ತೆಗೆದುಕೊಳ್ಳಿ. ಅದು ಮೊದಲು ಲಿಂಕನ್ ಫ್ಯೂಚುರಾ ಎಂಬ 1955ರ ಪ್ರದರ್ಶನದ ಕಾರು. ಮಾರುವುದಕ್ಕೆ ಮಾಡಿದ್ದಲ್ಲ, ಜನರಿಗೆ ತೋರಿಸುವುದಕ್ಕೆ ಮಾಡಿದ್ದು. ಕೆಲಸ ಮುಗಿದ ಮೇಲೆ ಮೂಲೆಗೆ ಬಿತ್ತು. ಜಾರ್ಜ್ ಬ್ಯಾರಿಸ್ ಎಂಬ ಕಾರು ಕಟ್ಟುವವರು ಅದನ್ನು ಒಂದೇ ಡಾಲರಿಗೆ ಪಡೆದರೆಂದು ಹೇಳುತ್ತಾರೆ. ಅವರು ಅದಕ್ಕೆ ಕಪ್ಪು ಬಣ್ಣ ಹೊಡೆದು, ರೆಕ್ಕೆ ಎತ್ತರಿಸಿ ಬ್ಯಾಟ್‌ಮನ್ ಕೈಗೆ ಕೊಟ್ಟರು. 2013ರ ಹರಾಜಿನಲ್ಲಿ ಅದೇ ಕಾರು 46 ಲಕ್ಷ ಡಾಲರಿಗೆ ಹೋಯಿತು. 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದ ಡೆಲೋರಿಯನ್ ಕತೆ ವಾಣಿಜ್ಯದವರಿಗೆ ಇನ್ನೂ ಸ್ವಾರಸ್ಯ. ಉತ್ತರ ಐರ್ಲೆಂಡಿನ ಕಾರ್ಖಾನೆಯಲ್ಲಿ ಸುಮಾರು 9,000 ಕಾರು ಮಾಡುವಷ್ಟರಲ್ಲಿ ಕಂಪನಿ 1982ರಲ್ಲಿ ದಿವಾಳಿಯಾಯಿತು. ಸಿನಿಮಾ ಬಂದದ್ದು 1985ರಲ್ಲಿ. ಅಂಗಡಿ ಮುಚ್ಚಿ ಮೂರು ವರ್ಷದ ಮೇಲೆ ಸರಕಿಗೆ ಹೆಸರು ಬಂತು! ಇದನ್ನು ಗುಡ್‌ವಿಲ್ ಎನ್ನಬೇಕೋ ಬೇಡವೋ, ನಮ್ಮ ಅಕೌಂಟೆನ್ಸಿ ಸರ್ ಹೇಳಬೇಕು.

ಡಾಲರಿನ ಲೆಕ್ಕ ಸಾಕು. ನಮ್ಮ ಕಡೆಗೆ ಬರೋಣ.

ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡುವ ಹಳೆಯ ಸಿನಿಮಾ ಒಂದೇ, 1958ರ 'ಚಲ್ತಿ ಕಾ ನಾಮ್ ಗಾಡಿ'. ಅಶೋಕ್ ಕುಮಾರ್, ಅನೂಪ್ ಕುಮಾರ್, ಕಿಶೋರ್ ಕುಮಾರ್, ನಿಜವಾದ ಮೂವರು ಅಣ್ಣತಮ್ಮಂದಿರು, ಸಿನಿಮಾದಲ್ಲೂ ಗ್ಯಾರೇಜು ನಡೆಸುವ ಅಣ್ಣತಮ್ಮಂದಿರು. ಅವರ ಹತ್ತಿರ ಇರುವುದು ತೆರೆದ ತಲೆಯ ಒಂದು ಮುದಿ ಷೆವರ್ಲೆ. 1928ರದು. ಸಿನಿಮಾ ಬರುವ ಹೊತ್ತಿಗೇ ಅದಕ್ಕೆ ಮೂವತ್ತು ವರ್ಷ. ನಷ್ಟ ತೋರಿಸಿ ತೆರಿಗೆ ಉಳಿಸಲೆಂದೇ ಕಿಶೋರ್ ಕುಮಾರ್ ಈ ಸಿನಿಮಾ ತೆಗೆದರು, ಅದು ಜೋರಾಗಿ ಓಡಿಬಿಟ್ಟಿತು ಎಂಬ ಕತೆಯನ್ನು ಹಳಬರು ನಗುತ್ತಾ ಹೇಳುತ್ತಾರೆ.

ಆ ಸಿನಿಮಾದಲ್ಲಿ ಒಂದು ಮಳೆಯ ರಾತ್ರಿ ಮಧುಬಾಲಾ ಗ್ಯಾರೇಜಿಗೆ ಬರುತ್ತಾಳೆ. ಕಾರು ಅವಳದು. ಓಡಿಸಿಕೊಂಡು ಬಂದವಳೂ ಅವಳೇ. ಪಕ್ಕದಲ್ಲಿ ಅಣ್ಣ ಇಲ್ಲ, ಡ್ರೈವರ್ ಇಲ್ಲ. ಕಾರು ಕೆಟ್ಟಿದೆ, ಸರಿ ಮಾಡಿಸಬೇಕು, ಅಷ್ಟೇ. ಕಿಶೋರ್ ಕುಮಾರ್ ರಿಪೇರಿ ಮಾಡುತ್ತಾನೆ, ಅವಳು ದುಡ್ಡು ಕೊಡುವುದನ್ನು ಮರೆತು ಹೋಗಿಬಿಡುತ್ತಾಳೆ. ಐದು ರೂಪಾಯಿ ಹನ್ನೆರಡು ಆಣೆ. ಇಂದಿನ ಲೆಕ್ಕದಲ್ಲಿ 5 ರೂಪಾಯಿ 75 ಪೈಸೆ. ಆ ಬಾಕಿ ವಸೂಲಿಗೆ ಹೋದಲ್ಲಿಂದ ಪ್ರೀತಿ ಬೆಳೆಯುತ್ತದೆ. ಸಾಲಗಾರರ ಖಾತೆಯ ಮೇಲೆ ಇಷ್ಟು ಚೆಂದದ ಕತೆ ಬೇರೆ ಎಲ್ಲೂ ನಾನು ಕಂಡಿಲ್ಲ.

1958ರಲ್ಲಿ ಒಬ್ಬ ಹುಡುಗಿ ರಾತ್ರಿ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತಾಳೆ. ನಮ್ಮ ಬೀಳ್ಕೊಡುಗೆಯಲ್ಲಿ 42 ಹುಡುಗಿಯರು ಗಾಡಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಯಾವುದು ಹಳೆಯ ಕಾಲ, ಯಾವುದು ಹೊಸ ಕಾಲ ಎಂದು ನನಗೆ ಗೊಂದಲವಾಗುತ್ತದೆ.

ನಿಂತ ಗಾಡಿಯ ಅಂದ ಹೇಗಿರುತ್ತದೆ ಎಂದು ಒಮ್ಮೆ ನೋಡಿದ್ದೇನೆ. ಹೋದ ವರ್ಷ ಖಾಲಾ ಮನೆಗೆ ಹೈದರಾಬಾದಿಗೆ ಹೋದಾಗ ಚೌಮಹಲ್ಲಾ ಅರಮನೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಇದೆ. ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಹಾಗಾಗಿ ಅದರಲ್ಲಿ ನಮ್ಮ ಮುತ್ತಜ್ಜಂದಿರ ತೆರಿಗೆಯೂ ಸ್ವಲ್ಪ ಇರಬಹುದು ಎಂದು ಮಾಮು ತಮಾಷೆ ಮಾಡಿದರು. ಒಳಗೆ ಸಿಂಹಾಸನದಂಥ ಸೀಟು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿಸಲು ಹೇಳಿದ್ದು. ಕಾರು ಕೈಗೆ ಬರುವ ಮುಂಚೆಯೇ, 1911ರಲ್ಲಿ, ಅವರು ತೀರಿಹೋದರು. ಆ ಕಾರು ಓಡಿದ್ದು ಕೆಲವೇ ನೂರು ಮೈಲಿ. ಹೊಳೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಮನೆಗೆ ಬಂದ ಮೇಲೆ ಆ ಕಾರಿನ ಬಗ್ಗೆ ಹೇಳುವುದಕ್ಕೆ ಒಂದು ಮಾತೂ ಇರಲಿಲ್ಲ. ಮುದಿ ಷೆವರ್ಲೆಯ ಬಗ್ಗೆ ನಾವು ಈಗಲೂ ಊಟಕ್ಕೆ ಕೂತಾಗ ಮಾತಾಡುತ್ತೇವೆ.

ಕನ್ನಡಕ್ಕೆ ಬಂದರೆ ಎಲ್ಲಕ್ಕಿಂತ ಪ್ರಸಿದ್ಧವಾದ ಸಿನಿಮಾ ಗಾಡಿ ಯಾವುದು? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಹುಡುಗರು ಹೊಸ ಸಿನಿಮಾಗಳ ವಿದೇಶಿ ಕಾರುಗಳ ಹೆಸರು ಹೇಳಿದರು. ನಾನು ಹೇಳಿದ ಉತ್ತರಕ್ಕೆ ನಕ್ಕರು. ಉತ್ತರ ಆಟೋ. 1980ರ 'ಆಟೋ ರಾಜ', ಶಂಕರ್ ನಾಗ್. ಅಮೆರಿಕದಲ್ಲಿ ಸಿನಿಮಾದ ಕಾರು ಹರಾಜಿಗೆ ಹೋಗುತ್ತದೆ, ಒಬ್ಬ ಶ್ರೀಮಂತ ಕೊಂಡು ತನ್ನ ಷೆಡ್ಡಿನಲ್ಲಿ ಇಟ್ಟುಕೊಳ್ಳುತ್ತಾನೆ. 'ಆಟೋ ರಾಜ'ನ ಗಾಡಿಯನ್ನು ಯಾರೂ ಹರಾಜು ಹಾಕಬೇಕಾಗಿಲ್ಲ. ಯಾವ ಆಟೋ ಹಿಂದೆ ಬೇಕಾದರೂ ಶಂಕರ್ ನಾಗ್ ಫೋಟೋ ಅಂಟಿಸಿದರೆ ಅದು ರಾಜನ ಗಾಡಿಯೇ. ರಾಜ್ಯದ ತುಂಬ ಅವರ ಹೆಸರಿನ ಆಟೋ ಸ್ಟ್ಯಾಂಡುಗಳಿವೆ. ನವೆಂಬರ್ 9, ಅವರ ಹುಟ್ಟುಹಬ್ಬದ ದಿನ, ಎಷ್ಟೋ ಸ್ಟ್ಯಾಂಡುಗಳಲ್ಲಿ ಫೋಟೋಗೆ ಹಾರ ಹಾಕಿ ಸಿಹಿ ಹಂಚುತ್ತಾರೆ. ಅವರು ಹೋಗಿ ಮೂವತ್ತು ವರ್ಷ ದಾಟಿದರೂ, ಅವರನ್ನು ಪರದೆಯ ಮೇಲೆ ನೋಡದ ಹುಡುಗರೂ ಹಾರ ಹಾಕುತ್ತಾರೆ.

ಆಟೋ ಎಂದಾಗ ನಕ್ಕವರಿಗೆ ನಾನು ಆ ದಿನ ತಿರುಗಿ ಏನೂ ಹೇಳಲಿಲ್ಲ. ಹೇಳಬೇಕಿತ್ತು. ನಮ್ಮ ಅಬ್ಬಾ ಆಟೋ ಓಡಿಸುತ್ತಾರೆ. ಹಿಂದಿನ ಗಾಜಿನ ಮೇಲೆ ಎಡಕ್ಕೆ 786, ಬಲಕ್ಕೆ ಶಂಕರ್ ನಾಗ್. ಮನೆಯಲ್ಲಿ ಉರ್ದು ಮಾತಾಡುವ ನಾನು ಶಾಲೆಗೆ ಸೇರುವ ಮುಂಚೆ ಗುರುತು ಹಿಡಿದ ಮೊದಲ ಕನ್ನಡ ಅಕ್ಷರಗಳು ಆ ಸ್ಟಿಕ್ಕರಿನ ಕೆಳಗಿದ್ದವು. ಅದು ಓದುವುದಲ್ಲ ಎಂದು ಅಮ್ಮಿ ಅನ್ನುತ್ತಿದ್ದರು, ಚಿತ್ರ ನೋಡಿ ಹೇಳುತ್ತಿದ್ದಾಳೆ ಎಂದು. ಇರಬಹುದು. ಈಗ ಆ ಆಟೋ ಹದಿನಾಲ್ಕನೇ ವರ್ಷದಲ್ಲಿದೆ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಅದು ನಾಲ್ಕು ವರ್ಷದ ಹಿಂದೆಯೇ ಗುಜರಿ. ಆ ನಾಲ್ಕು ವರ್ಷದಲ್ಲೇ ಅದು ನನ್ನ ಹೈಸ್ಕೂಲು ಮುಗಿಸಿತು, ಈ ಕಾಲೇಜಿನ ಎರಡು ವರ್ಷದ ಫೀಸು ಕಟ್ಟಿತು. ಆದರೂ ಪ್ರಥಮ ಪಿಯುಸಿಯ ಮೊದಲ ತಿಂಗಳು ಗೇಟಿಗಿಂತ ಸ್ವಲ್ಪ ಹಿಂದೆಯೇ ಇಳಿಯುತ್ತಿದ್ದೆ. ಅಬ್ಬಾ ಯಾಕೆಂದು ಕೇಳಲಿಲ್ಲ. ಮರುದಿನದಿಂದ ತಾವೇ ಅಲ್ಲಿ ನಿಲ್ಲಿಸುತ್ತಿದ್ದರು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಗಾಡಿಗಳ ಬಗ್ಗೆ ಶಂಕರ್ ನಾಗ್ ಇನ್ನೂ ಎರಡು ಸಿನಿಮಾ ಮಾಡಿದ್ದಾರೆ, ನಮ್ಮಲ್ಲಿ ಹೆಚ್ಚಿನವರು ಅವನ್ನು ನೋಡಿಲ್ಲ. 1980ರಲ್ಲೇ ಬಂದ, ಅವರೇ ನಿರ್ದೇಶಿಸಿದ 'ಮಿಂಚಿನ ಓಟ' ಕಾರು ಕದಿಯುವ ಮೂವರ ಕತೆ. ಅನಂತ್ ನಾಗ್, ಶಂಕರ್ ನಾಗ್, ಜೊತೆಗೆ ತಾತನಾಗಿ ಲೋಕನಾಥ್. ಮೂವರಿಗೂ ಕೈಯಲ್ಲಿ ಕಾಸಿಲ್ಲ, ಸಿಕ್ಕವರ ಕಾರೆಲ್ಲ ಅವರದೇ. ನೋಡುವಾಗ ನಾವು ಕಳ್ಳರ ಕಡೆಯೇ ಆಗುತ್ತೇವೆ, ಅದು ಬೇರೆ ಮಾತು.

ಇನ್ನೊಂದು 1985ರ 'ಆಕ್ಸಿಡೆಂಟ್'. ಅದರಲ್ಲಿಯೂ ಕಾರಿದೆ, ವೇಗವಿದೆ, ಹುಡುಗರ ಮಜಾ ಇದೆ. ದೊಡ್ಡ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಹತ್ತಿಸಿಬಿಡುತ್ತಾನೆ. ಅಪ್ಪ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಆ ಅಪ್ಪನ ಪಾತ್ರ ಅನಂತ್ ನಾಗ್, ಸತ್ಯ ಹುಡುಕುವ ಪತ್ರಕರ್ತ ಶಂಕರ್ ನಾಗ್. ಇದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಬೆಂಗಳೂರಿನವರಿಗೆ ಇದು ಒಂದು ಸಿನಿಮಾ ಇರಬಹುದು. ನಮ್ಮ ಜಿಲ್ಲೆಯಿಂದ ಪ್ರತಿ ವರ್ಷ ಎಷ್ಟು ಮನೆಗೆ ಬೀಗ ಹಾಕಿ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ ಎಂದು ನಿಮಗೆ ಗೊತ್ತು. ರಾತ್ರಿ ಬಸ್ಸಿಗೆ ಗಂಟು ಮೂಟೆ ಹೊತ್ತು ನಿಂತವರನ್ನು ಯಾದಗಿರಿಯಲ್ಲೂ, ಸುರಪುರದಲ್ಲೂ ನೋಡಿದ್ದೇವೆ. ಅಲ್ಲಿಗೆ ಹೋದ ಮೊದಲ ದಿನ ಅವರು ಎಲ್ಲಿ ಮಲಗುತ್ತಾರೆ? ಆ ಸಿನಿಮಾ ನೋಡಿದ ರಾತ್ರಿ ನನಗೆ ಕಾರಿನಲ್ಲಿದ್ದ ಹುಡುಗರ ಮುಖ ನೆನಪಿಗೆ ಬರಲಿಲ್ಲ, ಚಾದರ ಹೊದ್ದು ಮಲಗಿದವರೇ ಬಂದರು.

'ಆಕ್ಸಿಡೆಂಟ್' ಮಾಡಿ ಐದೇ ವರ್ಷಕ್ಕೆ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. 'ಜೋಕುಮಾರಸ್ವಾಮಿ' ಸಿನಿಮಾದ ಶೂಟಿಂಗಿಗೆ ಹೊರಟಿದ್ದರು. ವಯಸ್ಸು 35.

ಈಗ ನಮ್ಮ ಥಾರ್‌ಗೆ ಬರುತ್ತೇನೆ. ಅದನ್ನು ಓಡಿಸುವವರು ಯಾರು? ಪಟ್ಟಿ ಮಾಡಿದವರಲ್ಲಿ ಹದಿನೆಂಟು ತುಂಬಿದವರು ನನಗೆ ತಿಳಿದಂತೆ ಒಬ್ಬರು. ಡ್ರೈವರ್ ಜೊತೆಗೇ ಬರುತ್ತಾನೆ ಎನ್ನುತ್ತಾರೆ, ಗೇಟಿನ ಹತ್ತಿರ ಸ್ಟೀರಿಂಗ್ ಯಾರ ಕೈಗೆ ಹೋಗುತ್ತದೆ ಎಂದು ಹೋದ ವರ್ಷ ಎಲ್ಲರೂ ನೋಡಿದ್ದೇವೆ. ಬಸ್ ಸ್ಟ್ಯಾಂಡ್ ತಿರುವಿನಲ್ಲಿ ಜೀಪು ಒಬ್ಬ ಮುದುಕರ ಹಣ್ಣಿನ ತಳ್ಳುಗಾಡಿಗೆ ತಾಗಿತು. ಅಲ್ಲಾಹನ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬಾಳೆಹಣ್ಣು ಮಾತ್ರ ರಸ್ತೆ ತುಂಬ ಬಿತ್ತು. ಜೀಪು ನಿಲ್ಲಲಿಲ್ಲ. ರೀಲ್ಸಿನಲ್ಲಿ ಆ ಭಾಗ ಕತ್ತರಿಸಿದ್ದಾರೆ. ಆ ಹಣ್ಣಿನ ದುಡ್ಡನ್ನು ಕೊಟ್ಟವರು ಇದ್ದರೆ ಕೈ ಎತ್ತಲಿ. ಐದು ರೂಪಾಯಿ ಹನ್ನೆರಡು ಆಣೆಗೆ ಊರೆಲ್ಲ ಹುಡುಕಿಕೊಂಡು ಹೋಗುವ ಸಿನಿಮಾ ಒಂದು ಕಡೆ, ಇದು ಇನ್ನೊಂದು ಕಡೆ.

ಕಾನೂನೂ ಗೊತ್ತಿರಲಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯಂತೆ ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ಚಂದಾ ಮೊತ್ತಕ್ಕೂ ಆ ದಂಡಕ್ಕೂ ಇರುವ ವ್ಯತ್ಯಾಸ 200 ರೂಪಾಯಿ. ಬಿಕಾಂ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಒಂದು ಸ್ಕೂಟರಿಗೂ ಲೈಸೆನ್ಸ್ ಇಲ್ಲದೆ ಇರುವುದು ಎಂದರೆ ಏನೆಂದು ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಪಟ್ಟಿ ಹಿಡಿದು ಬಂದವರಲ್ಲಿ ಒಬ್ಬ ಹುಡುಗ, ಅವರ ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ, ನಾನು ವಾದ ಮಾಡುತ್ತಿದ್ದಾಗ ಸುಮ್ಮನೆ ಕೇಳುತ್ತಿದ್ದ. ಕೊನೆಗೆ ಹೇಳಿದ, "ನಿಮ್ಮ ಮನ್ಯಾಗ ಆಟೋನಾದ್ರೂ ಐತಿ. ನಾನು ಒಂದು ದಿನ ಆ ಸೀಟಿನಾಗ ಕುಂತು ಊರು ನೋಡ್ಬೇಕು, ಊರು ನನ್ನ ನೋಡ್ಬೇಕು. ಅದರಾಗ ತಪ್ಪೇನೈತಿ?" ತಪ್ಪೇನೂ ಇಲ್ಲ. ಸಿನಿಮಾದ ಗಾಡಿಗಳ ಆಕರ್ಷಣೆ ಎಂದರೆ ಬಹುಶಃ ಇದೇ. ಟಾಕೀಸಿನಲ್ಲಿ ನೆಲದ ಮೇಲೆ ಕೂತವನೂ ಎರಡೂವರೆ ಗಂಟೆ ಆ ಗಾಡಿಯಲ್ಲಿ ಕೂತಿರುತ್ತಾನೆ. 'ಆಟೋ ರಾಜ' ಬಂದಾಗ ಆಟೋದವರಿಗೆ ಆದದ್ದೂ ಇದೇ ಇರಬೇಕು. ಅಲ್ಲಿಯವರೆಗೆ ಜನ ಅವರ ಗಾಡಿಯಲ್ಲಿ ಕೂರುತ್ತಿದ್ದರು, ಅವರನ್ನು ನೋಡುತ್ತಿರಲಿಲ್ಲ.

ಆ ಗೆಳೆಯನಿಗೆ ನಾನು ಹೇಳುವುದು ಇಷ್ಟು. ಊರು ನಿನ್ನನ್ನು ನೋಡಲಿ, ಆದರೆ ಅದಕ್ಕೆ ಕಲಬುರಗಿಯ ಯಾರದೋ ಗಾಡಿ ಯಾಕೆ? ನಮ್ಮನ್ನು ಎರಡು ವರ್ಷ ದಿನಾ ಹೊತ್ತು ತಂದ ಗಾಡಿಗಳು ಇವೆ. ಸುರಪುರದ ಕಡೆಯಿಂದ ಬೆಳಿಗ್ಗೆ ಹದಿನೈದು ಜನರನ್ನು ತುಂಬಿಕೊಂಡು ಬರುವ ಕ್ರೂಸರ್ ಇದೆ. ಭೀಮರಾಯನಗುಡಿಯ ಕಡೆಯಿಂದ ಬರುವ ಟಂಟಂ ಇದೆ. ಮಳೆ ಬಂದ ದಿನ ಕ್ಲಾಸ್ ಬಿಡುವವರೆಗೆ ಕಾದು ನಿಂತ ಆಟೋಗಳಿವೆ. ಆರು ಆಟೋ, ಒಂದು ಕ್ರೂಸರ್ ಹಿಡಿಯೋಣ. ಹೂವು ಕಟ್ಟೋಣ. ಓಡಿಸುವವರು ಲೈಸೆನ್ಸ್ ಇರುವ ಅವರೇ. ನಾವು ಹಿಂದೆ ಕೂರೋಣ, ಹುಡುಗಿಯರೂ ಕೂರುತ್ತೇವೆ, ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಕೆಲಸ ಬೇಡ. ಒಂದು ಗಂಟೆಗೆ ಒಂದೊಂದು ಗಾಡಿಗೆ 500 ಕೊಟ್ಟರೂ 3,500 ರೂಪಾಯಿ. ರೀಲ್ಸ್ ಮಾಡುವವರು ಮಾಡಲಿ. ಸಂಜೆ ಕಾಲೇಜಿನ ಪ್ರೊಜೆಕ್ಟರಿನಲ್ಲಿ 'ಮಿಂಚಿನ ಓಟ' ಹಾಕಲು ಪ್ರಿನ್ಸಿಪಾಲ್ ಸರ್ ಒಪ್ಪಿದರೆ ಅದೂ ಆಗಲಿ. 'ಆಕ್ಸಿಡೆಂಟ್' ಬೀಳ್ಕೊಡುಗೆಯ ದಿನಕ್ಕೆ ಭಾರವಾಗುತ್ತದೆ, ಅದನ್ನು ಬೇರೆ ದಿನ ನೋಡೋಣ.

ಮೊದಲು ಹೋದ ವರ್ಷದ ಬಾಳೆಹಣ್ಣಿನ ದುಡ್ಡು ಕೊಡಬೇಕು. ಆ ಮುದುಕರು ಈಗಲೂ ಅದೇ ತಿರುವಿನಲ್ಲಿ ನಿಲ್ಲುತ್ತಾರೆ.

ನಾನು ಪಟ್ಟಿಯಲ್ಲಿ ಊಟದ 200, ಕಾಣಿಕೆಯ 100 ಕೊಟ್ಟು ಸಹಿ ಮಾಡಿದ್ದೇನೆ. 'ಗಾಡಿ' ಸಾಲಿನಲ್ಲಿ ನನ್ನ ಹೆಸರಿನ ಮುಂದಿದ್ದ 300ನ್ನು ಹೊಡೆದು, 3,500ನ್ನು 84ರಿಂದ ಭಾಗಿಸಿ, 42 ಎಂದು ಬರೆದಿದ್ದೇನೆ.